ಮಕ್ಕಳ ಕ್ರೀಡೆ: ವೆಚ್ಚವೆಷ್ಟು, ಫಲವೆಷ್ಟು?

ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಕ್ರೀಡೆಯು ಅತ್ಯಾವಶ್ಯಕವೆಂಬುದು ಸರ್ವವಿದಿತ. 5ರಿಂದ 17 ವರ್ಷ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮಧ್ಯಮದಿಂದ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೆ ಮಹಾನಗರಗಳಲ್ಲಿ ಆಟವೂ ಹಲವೊಮ್ಮೆ ಹಣ ತೆತ್ತು ಪಡೆಯಬೇಕಾದ ವಸ್ತುವಾಗಿದೆ. ಮಿತವಾದ ಆದಾಯದ ಕುಟುಂಬವು ಒಂದು ಮಗುವಿನ ತರಬೇತಿಗೇ ಹಣವನ್ನೆಲ್ಲ ವ್ಯಯಿಸಿದರೆ ಇನ್ನೊಂದು ಮಗು ಆಟದಿಂದ ವಂಚಿತವಾಗುತ್ತದೆ. ಹಾಗೆ ವಂಚಿತವಾಗುವುದು ಹೆಣ್ಣುಮಗುವೇ ಆಗುವುದುಂಟು. ಆದುದರಿಂದ ಆಯ್ಕೆಗೆ ಮುನ್ನ ಲೆಕ್ಕ ಹಾಕುವುದು ವಿವೇಕ.

ವೆಚ್ಚದ ಮೂರು ಬಗೆಗಳು

ಮೊದಲನೆಯದು ಸಲಕರಣೆಗಳ ವೆಚ್ಚ. ಎರಡನೆಯದು ಶುಲ್ಕ ಮತ್ತು ಸವೆಯುವ ವಸ್ತುಗಳ ಆವರ್ತಕ ವೆಚ್ಚ. ಮೂರನೆಯದು ಪ್ರಯಾಣ ಹಾಗೂ ಸಮಯ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಕುಟುಂಬವನ್ನು ದಣಿಸುವುದು ಉಳಿದೆರಡು.

ಕೆಲವು ಕ್ರೀಡೆಗಳ ತುಲನೆ

ಕಬಡ್ಡಿ: ಹಿರಿಯ ಪುರುಷರ ಅಂಕಣವೂ 13 ಮೀಟರ್ ಉದ್ದ, 10 ಮೀಟರ್ ಅಗಲವಷ್ಟೆ. ಅಷ್ಟು ಮೆತ್ತನೆಯ ನೆಲವಿದ್ದರೆ ಏಳೇಳು ಮಂದಿ ಆಡಬಹುದು, ಸಲಕರಣೆಯೇ ಬೇಡ.

ಖೋ ಖೋ: ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ 1914ರಲ್ಲಿ ನಿಯಮಬದ್ಧ ರೂಪ ಪಡೆದ ಈ ಆಟಕ್ಕೆ ಎರಡು ಕಂಬಗಳು ಸಾಕು. ಓಟ, ಚುರುಕುತನ, ಪರಸ್ಪರ ಸಹಕಾರ ಇದರ ಫಲ.

ಫುಟ್ಬಾಲ್: ಒಂದು ಚೆಂಡಿನ ಬೆಲೆಯನ್ನು ಇಡೀ ತಂಡ ಹಂಚಿಕೊಳ್ಳುತ್ತದೆ. ಆಟಗಾರರು ಬಹುಪಾಲು ಚಲನೆಯಲ್ಲೇ ಇರುತ್ತಾರೆ.

ಬ್ಯಾಡ್ಮಿಂಟನ್: ರ‍್ಯಾಕೆಟ್ ಹಲವು ಕಾಲ ಬಾಳುತ್ತದೆ, ಆದರೆ 16 ಗರಿಗಳ ಶಟಲ್ ಬೇಗ ಹಾಳಾಗುತ್ತದೆ. ಕಲಿಕೆಯ ಹಂತದಲ್ಲಿ ನೈಲಾನ್ ಶಟಲ್ ಮಿತವ್ಯಯಕರ.

ಕ್ರಿಕೆಟ್: ಚರ್ಮದ ಚೆಂಡಿನ ಆಟಕ್ಕೆ ಬ್ಯಾಟ್, ಪ್ಯಾಡ್, ಕೈಗವಸು, ಹೆಲ್ಮೆಟ್ ಎಲ್ಲವೂ ಬೇಕು. ಸರದಿಗಾಗಿ ಕಾಯುವ ಅವಧಿಯೂ ದೀರ್ಘ. ಆರಂಭಕ್ಕೆ ಟೆನಿಸ್ ಚೆಂಡೇ ಸೂಕ್ತ.

ಈಜು: ಕೊಳದ ಶುಲ್ಕವೇ ಮುಖ್ಯ ವೆಚ್ಚ. ಆದರೂ ಒಮ್ಮೆ ಕಲಿತ ಈಜು ಆಪತ್ಕಾಲದಲ್ಲಿ ಪ್ರಾಣವನ್ನೇ ಉಳಿಸಬಲ್ಲದು. ಆದುದರಿಂದ ಕೆಲವು ತಿಂಗಳ ಕಲಿಕೆಯಾದರೂ ಸಾರ್ಥಕ.

ಲೆಕ್ಕದ ಕ್ರಮ

ವರ್ಷದ ಒಟ್ಟು ವೆಚ್ಚವನ್ನು ಮಗು ನಿಜವಾಗಿ ಆಡುವ ಗಂಟೆಗಳಿಂದ ಭಾಗಿಸಬೇಕು. ಉದಾಹರಣೆಗೆ, ತಿಂಗಳಿಗೆ 1,500 ರೂಪಾಯಿ ಶುಲ್ಕವಿದ್ದು, ಎರಡು ವರ್ಷ ಬಾಳುವ 3,000 ರೂಪಾಯಿಯ ಸಲಕರಣೆಗಳನ್ನು ಕೊಂಡರೆ ವಾರ್ಷಿಕ ವೆಚ್ಚ 19,500 ರೂಪಾಯಿ. ವರ್ಷದಲ್ಲಿ 150 ಗಂಟೆ ಆಡಿದರೆ ಗಂಟೆಗೆ 130 ರೂಪಾಯಿ ಬೀಳುತ್ತದೆ. ಅದೇ ಬಡಾವಣೆಯ ಮೈದಾನದಲ್ಲಿ 1,200 ರೂಪಾಯಿಯ ಪಾದರಕ್ಷೆ ಹಾಗೂ ಚೆಂಡಿನ ಪಾಲು 100 ರೂಪಾಯಿಯೊಂದಿಗೆ 250 ಗಂಟೆ ಆಡಿದರೆ ಗಂಟೆಗೆ 5 ರೂಪಾಯಿ 20 ಪೈಸೆ ಮಾತ್ರ. ಈ ಅಂಕಿಗಳು ಕ್ರಮವನ್ನು ತೋರಿಸಲಷ್ಟೆ. ಪ್ರತಿ ಕುಟುಂಬವೂ ತನ್ನ ಊರಿನ ದರವನ್ನು ಬಳಸಬೇಕು.

ಹಣಕ್ಕೆ ಮೀರಿದ ಮೌಲ್ಯ

ಅಗ್ಗವಾದುದೇ ಶ್ರೇಷ್ಠವೆಂದು ಇದರರ್ಥವಲ್ಲ. ಮಗು ಮನಸ್ಸಿಟ್ಟು ಆಡದ ಆಟ ಎಷ್ಟೇ ಅಗ್ಗವಾದರೂ ನಷ್ಟವೇ. ಸುರಕ್ಷತೆಯಲ್ಲಿ ಜಿಪುಣತನ ಸಲ್ಲದು. ಹೆಲ್ಮೆಟ್ ಹಾಗೂ ಕಾಲಿಗೆ ಸರಿಹೊಂದುವ ಪಾದರಕ್ಷೆ ಉಳಿತಾಯದ ಬಾಬುಗಳಲ್ಲ. 2017ರಲ್ಲಿ ಪರಿಷ್ಕೃತವಾದ ಖೇಲೋ ಇಂಡಿಯಾ ಯೋಜನೆಯು ಆಯ್ದ ಪ್ರತಿಭಾವಂತರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳಂತೆ 8 ವರ್ಷಗಳ ನೆರವನ್ನು ಘೋಷಿಸಿತು. ಆದರೆ ಇಂಥ ನೆರವು ಕೆಲವರಿಗೆ ಮಾತ್ರ ದೊರೆಯುವಂಥದು. ಅದರ ಭರವಸೆಯ ಮೇಲೆ ಸಾಲ ಮಾಡುವುದು ಉಚಿತವಲ್ಲ.

ಪದಕ ಬರುವುದು ವಿರಳ, ಆರೋಗ್ಯ ಬರುವುದು ನಿಶ್ಚಿತ. ಒಬ್ಬರಿಗೆ ದುಬಾರಿ ತರಬೇತಿ ಕೊಡಿಸಿ ಮತ್ತೊಬ್ಬರನ್ನು ಮನೆಯಲ್ಲಿ ಕೂರಿಸುವುದಕ್ಕಿಂತ, ಇಬ್ಬರೂ ನಿತ್ಯ ಒಂದು ಗಂಟೆ ಬೆವರು ಸುರಿಸುವಂಥ ಆಟವನ್ನು ಆರಿಸುವುದೇ ಸರಿಯಾದ ಹೂಡಿಕೆ.