ಯುವಿ ಮಾಪಕಗಳನ್ನು ಪಕ್ಕಪಕ್ಕ ಇಟ್ಟು ಕಲಿತದ್ದು

ಬಿಸಿಲಿನಲ್ಲಿರುವ ಅತಿನೇರಳೆ (ಯುವಿ) ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದರ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಮಾಪಕ ಹೇಳಿದಷ್ಟೇ. ಆ ಮಾತನ್ನು ಎಷ್ಟು ನಂಬಬಹುದು ಎಂದು ನೋಡಲು ಬೆಂಗಳೂರಿನ ತಾರಸಿಯೊಂದರ ಮೇಲೆ ಹಲವು ವರ್ಷಗಳಿಂದ ಮಾಪಕಗಳನ್ನು ಹೋಲಿಸುತ್ತ ಬಂದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನೆರವಾದೀತೆಂದು ನಾನು ಎಡವಿದ ಜಾಗಗಳನ್ನೇ ಹೆಚ್ಚಾಗಿ ಇಲ್ಲಿ ಬರೆದಿದ್ದೇನೆ.

1. ಎರಡೂ ಒಂದೇ ಅಂಕಿ ತೋರಿಸಿದರೆ ಎರಡೂ ಸರಿ ಎಂದಾಗುವುದಿಲ್ಲ

ಮೊದಲು ನನ್ನ ಬಳಿ ಇದ್ದದ್ದು ಒಂದೇ ಮಾದರಿಯ ಎರಡು ಬ್ರಾಡ್‌ಬ್ಯಾಂಡ್ ಮಾಪಕಗಳು, ಯುವಿ ಸೂಚ್ಯಂಕವನ್ನು ನೇರವಾಗಿ ಕೊಡುವಂಥವು. ದಿನವಿಡೀ ಎರಡರ ಗೆರೆಗಳೂ ಒಂದರ ಮೇಲೊಂದು ಕೂತವು. ನಿಖರತೆ ಸಾಬೀತಾಯಿತೆಂದು ವರದಿಯಲ್ಲಿ ಬರೆದುಬಿಟ್ಟೆ. ಮುಂದೆ, ಪ್ರತಿ ತರಂಗಾಂತರವನ್ನೂ ಬೇರೆಬೇರೆಯಾಗಿ ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರ್ ಎರವಲು ಸಿಕ್ಕಾಗ, ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿಸುತ್ತಿದ್ದವೆಂದು ತಿಳಿಯಿತು. ಎರಡರ ಕ್ಯಾಲಿಬ್ರೇಷನ್ನೂ ಒಂದೇ ಕಡೆ, ಒಂದೇ ವಿಧಾನದಲ್ಲಿ ಆಗಿತ್ತು. ಹಾಗಾಗಿ ತಪ್ಪೂ ಒಂದೇ. ವರದಿಯನ್ನು ತಿದ್ದಿ ಮತ್ತೆ ಕಳಿಸಿದೆ. ಹೋಲಿಕೆಗೆ ಬೇರೆ ತತ್ವದ, ಬೇರೆ ಮೂಲದ ಉಪಕರಣ ಒಂದಾದರೂ ಇರಲೇಬೇಕು.

2. ಸೂರ್ಯ ನೆತ್ತಿಗೆ ಬರುವ ಊರಿನ ಲೆಕ್ಕ ಬೇರೆ

ಚರ್ಮ ಕೆಂಪಾಗುವುದರಲ್ಲಿ ಎಲ್ಲ ಯುವಿ ಕಿರಣಗಳಿಗೂ ಸಮಪಾಲಿಲ್ಲ. ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ರೇಖೆಯ ಪ್ರಕಾರ 298 ನ್ಯಾನೋಮೀಟರ್‌ವರೆಗಿನ ಕಿರಣಕ್ಕೆ ಪೂರ್ತಿ ತೂಕ. 320ಕ್ಕೆ ಬರುವಷ್ಟರಲ್ಲಿ ಆ ತೂಕ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಹೀಗೆ ತೂಗಿ ಕೂಡಿಸಿದ ಮೊತ್ತ ಚದರ ಮೀಟರಿಗೆ 25 ಮಿಲಿವ್ಯಾಟ್ ಆದರೆ ಸೂಚ್ಯಂಕ 1. ಬ್ರಾಡ್‌ಬ್ಯಾಂಡ್ ಮಾಪಕ ಈ ರೇಖೆಯಂತೆಯೇ ಸ್ಪಂದಿಸಬೇಕು. ಆದರೆ ಯಾವ ಮಾಪಕವೂ ಪೂರ್ತಿಯಾಗಿ ಹಾಗೆ ಸ್ಪಂದಿಸುವುದಿಲ್ಲ. ಓಝೋನ್ ಹೆಚ್ಚುಕಡಿಮೆಯಾದಾಗ, ಸೂರ್ಯ ಏರಿ ಇಳಿದಾಗ, ನೆಲಕ್ಕೆ ಬರುವ ಕಿರಣಗಳ ಮಿಶ್ರಣವೇ ಬದಲಾಗುತ್ತದೆ. ಈ ಕೊರತೆ ಎದ್ದು ಕಾಣುವುದು ಆಗಲೇ.

ನಾನು ಬಹಳ ಕಾಲ ಪ್ರಮಾಣಪತ್ರದಲ್ಲಿದ್ದ ಒಂದೇ ಗುಣಕವನ್ನು ಎಲ್ಲ ಹೊತ್ತಿಗೂ, ಎಲ್ಲ ಋತುವಿಗೂ ಬಳಸಿದೆ. ಬಳಸಬೇಕಾದದ್ದು ಸೂರ್ಯನ ಕೋನಕ್ಕೂ ಓಝೋನ್ ಪ್ರಮಾಣಕ್ಕೂ ತಕ್ಕಂತೆ ಬದಲಾಗುವ ಪಟ್ಟಿ. ಅದು ಕೈಗೆ ಬಂದ ಮೇಲೂ ಇನ್ನೊಂದು ತೊಡಕಿತ್ತು. ಈ ವಿದ್ಯೆಯ ದೊಡ್ಡ ಕೇಂದ್ರ ಸ್ವಿಟ್ಜರ್ಲೆಂಡಿನ ದಾವೋಸ್. 2006ರ ಬೇಸಿಗೆಯಲ್ಲಿ ಯುರೋಪಿನ ಹಲವು ದೇಶಗಳ ಮಾಪಕಗಳನ್ನು ಅಲ್ಲಿ ಒಟ್ಟಿಗೆ ಇಟ್ಟು ಹೋಲಿಸಿದ್ದರು. ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಅಲ್ಲಿ ಸೂರ್ಯ ಜೂನ್ ತಿಂಗಳಲ್ಲೂ ನೆತ್ತಿಯಿಂದ ಸುಮಾರು 23 ಡಿಗ್ರಿ ಓರೆಯಾಗಿಯೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ನೇರ ನೆತ್ತಿಗೇ ಬರುತ್ತಾನೆ. ಜನ ಶೂನ್ಯ ನೆರಳಿನ ದಿನವೆಂದು ನೋಡಲು ಹೊರಗೆ ಬರುತ್ತಾರೆ. ನಮ್ಮ ಮೇಲಿನ ಓಝೋನ್ ಕೂಡ ಅವರದಕ್ಕಿಂತ ತೆಳು. ಅಂದರೆ ಯುವಿ ಅತಿ ಹೆಚ್ಚಿರುವ ನಮ್ಮ ಗಂಟೆಗಳಿಗೆ ಅಂಥ ಕಡೆ ತಯಾರಾದ ಪಟ್ಟಿಯಲ್ಲಿರುವುದು ಕಂಪ್ಯೂಟರ್ ಮಾದರಿಯ ಅಂದಾಜು, ಆಕಾಶದ ಕೆಳಗೆ ಅಳೆದದ್ದಲ್ಲ. ಅದನ್ನು ಅರಿತ ಮೇಲೆ ಶೂನ್ಯ ನೆರಳಿನ ಆಸುಪಾಸಿನ ತಿಳಿಯಾದ ಮಧ್ಯಾಹ್ನಗಳನ್ನು ಹೋಲಿಕೆಗೆಂದೇ ಮೀಸಲಿಡುತ್ತ ಬಂದಿದ್ದೇನೆ. ಉಷ್ಣವಲಯದವರು ಮಾಡದಿದ್ದರೆ ಈ ಕೆಲಸವನ್ನು ಬೇರೆ ಯಾರೂ ಮಾಡಿಕೊಡಲಾರರು.

ಅಗ್ಗದ ಸೆನ್ಸರ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹಲವು ಸೆನ್ಸರ್‌ಗಳು ಅಳೆಯುವುದು ಮುಖ್ಯವಾಗಿ ಯುವಿ-ಎ, ಅಂದರೆ ಯುವಿಯ ಉದ್ದ ತರಂಗಾಂತರದ ಭಾಗ. ಅದನ್ನೇ ಗುಣಿಸಿ ಸೂಚ್ಯಂಕವೆಂದು ತೋರಿಸುತ್ತವೆ. ಯುವಿ-ಎ ಮೇಲೆ ಓಝೋನಿನ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಓಝೋನ್ ಬದಲಾದದ್ದು ಅವುಗಳ ಅಂಕಿಯಲ್ಲಿ ಕಾಣುವುದೇ ಇಲ್ಲ.

3. ಮೊದಲು ರಸಮಟ್ಟ, ಆಮೇಲೆ ಗಡಿಯಾರ

ಒಂದು ಮಾಪಕ ಪಕ್ಕದ್ದಕ್ಕಿಂತ ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ ತೋರಿಸುತ್ತಿತ್ತು. ಡೇಟಾ ಲಾಗರ್‌ನ ಗಡಿಯಾರ ಹಿಂದೆ ಬಿದ್ದಿದೆ ಎಂದು ತೀರ್ಮಾನಿಸಿ ಅಂಕಿಗಳನ್ನೆಲ್ಲ ಕೆಲವು ನಿಮಿಷ ಸರಿಸಿದೆ. ಗೆರೆಗಳು ಹೊಂದಿದವು. ಆಮೇಲೆ ರಸಮಟ್ಟ ಇಟ್ಟು ನೋಡಿದರೆ ಮಾಪಕ ಪೂರ್ವಕ್ಕೆ ವಾಲಿತ್ತು. ಸೂರ್ಯ ನೆತ್ತಿಯಿಂದ 60 ಡಿಗ್ರಿ ಇಳಿದಿರುವಾಗ ಅವನ ಕಡೆಗೆ ಒಂದು ಡಿಗ್ರಿ ವಾಲಿದರೂ ನೇರ ಬಿಸಿಲಿನ ಪಾಲು ಶೇಕಡಾ 3ರಷ್ಟು ಹೆಚ್ಚುತ್ತದೆ. ನೆತ್ತಿಯ ಮೇಲಿದ್ದಾಗ ಅಷ್ಟೇ ವಾಲಿಕೆ ಲೆಕ್ಕಕ್ಕೇ ಬಾರದು. ಅದಕ್ಕೂ ಮೊದಲು ನಡುಮಧ್ಯಾಹ್ನವಷ್ಟೇ ಹೋಲಿಸುತ್ತಿದ್ದಾಗ ನನಗೆ ಅದು ಕಂಡಿರಲೇ ಇಲ್ಲ. ಇನ್ನೂ ನೋವಿನ ಸಂಗತಿಯೆಂದರೆ ಮೂಲ ಅಂಕಿಗಳ ಮೇಲೆಯೇ ತಿದ್ದಿದ್ದೆ, ಪ್ರತಿ ಉಳಿಸಿರಲಿಲ್ಲ. ಒಂದು ಋತುವಿನ ದಾಖಲೆ ಹಾಗೆ ಕೈತಪ್ಪಿಹೋಯಿತು. ಗಡಿಯಾರ ಸರಿಯೇ ಎಂದು ತಿಳಿಯಲು ಸುಲಭದ ದಾರಿಯಿದೆ: ಚೂರು ಮೋಡ ಸೂರ್ಯನಿಗೆ ಅಡ್ಡ ಹಾಯುವಾಗ ಎರಡು ಗೆರೆಯೂ ಒಂದೇ ಕ್ಷಣದಲ್ಲಿ ಇಳಿಯಬೇಕು.

4. ನೆರಳು ಬೀಳದಿದ್ದರೂ ನೀರಿನ ಟ್ಯಾಂಕ್ ಅಡ್ಡಿಯೇ

ಗಿಡ್ಡ ತರಂಗಾಂತರದ ಯುವಿ-ಬಿಯಲ್ಲಿ ದೊಡ್ಡ ಪಾಲು ಆಕಾಶದಲ್ಲೆಲ್ಲ ಚದುರಿ ಬರುವಂಥದ್ದು. ಟ್ಯಾಂಕ್ ಆಕಾಶದ ಒಂದು ತುಂಡನ್ನು ಮರೆಮಾಡಿದರೆ ಹತ್ತಿರದ ಮಾಪಕಕ್ಕೆ ಅಷ್ಟು ನಷ್ಟ.

5. ಉತ್ತಮ ಉಪಕರಣವನ್ನೂ ಪರೀಕ್ಷಿಸಬೇಕು

ಸ್ಪೆಕ್ಟ್ರೋರೇಡಿಯೋಮೀಟರನ್ನು ಕಣ್ಣುಮುಚ್ಚಿ ನಂಬಿದ್ದೆ. ಅದರ ಕ್ಯಾಲಿಬ್ರೇಷನ್ನಿಗೆ ಆಧಾರ 1000 ವ್ಯಾಟಿನ ಹ್ಯಾಲೊಜೆನ್ ದೀಪ, 50 ಸೆಂಟಿಮೀಟರ್ ದೂರದಲ್ಲಿ. ಒಂದು ಮಿಲಿಮೀಟರ್ ತಪ್ಪಿದರೆ ಶೇಕಡಾ 0.4ರಷ್ಟು ವ್ಯತ್ಯಾಸ. ನಾನು ದೂರವನ್ನು ಗಾಜಿನ ಗುಮ್ಮಟದ ತುದಿಯಿಂದ ಅಳೆದಿದ್ದೆ. ಅಳೆಯಬೇಕಾದದ್ದು ಬೆಳಕನ್ನು ಹಿಡಿಯುವ ಒಳಗಿನ ಡಿಫ್ಯೂಸರಿನಿಂದ. ಇನ್ನು 290 ನ್ಯಾನೋಮೀಟರಿಗಿಂತ ಕೆಳಗೆ ನೆಲಕ್ಕೆ ಸೂರ್ಯನ ಬೆಳಕು ಬರುವುದಿಲ್ಲವೆಂದೇ ಹೇಳಬಹುದು. ಅಲ್ಲೂ ಅಂಕಿ ಕಂಡರೆ ಅದು ಉಪಕರಣದೊಳಗೆ ಚದುರಿದ ಬೆಳಕಿರಬಹುದು. ಎರಡು ಹಂತದಲ್ಲಿ ಬೆಳಕನ್ನು ಬಿಡಿಸುವ ಡಬಲ್ ಮೊನೊಕ್ರೊಮೇಟರ್‌ನಲ್ಲಿ ಈ ದೋಷ ಬಹಳ ಕಡಿಮೆ.

6. ಒರೆಸುವ ಮುಂಚೆ ಬರೆದಿಡಿ

ಧೂಳು ಒರೆಸಿದ ಹೊತ್ತು, ಮಾಪಕದೊಳಗಿನ ತೇವ ಹೀರುವ ಸಿಲಿಕಾ ಜೆಲ್ ಬದಲಿಸಿದ ದಿನ, ಇವನ್ನು ನಾನು ಬಹಳ ತಡವಾಗಿ ಬರೆಯತೊಡಗಿದೆ. ಹಳೆಯ ದಾಖಲೆಯಲ್ಲಿ ಅಂಕಿ ದಿಢೀರನೆ ಏರಿದ ಕಡೆ ಕಾರಣ ಆಕಾಶವೋ ಬಟ್ಟೆಯೋ ಎಂದು ಈಗ ಹೇಳುವಂತಿಲ್ಲ.

ಸೂಚ್ಯಂಕ 11 ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಅತಿ ತೀವ್ರ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಅದು ಸಾಮಾನ್ಯ. ಶೇಕಡಾ 10ರ ತಪ್ಪೆಂದರೆ ಅಲ್ಲಿ ಒಂದು ಅಂಕಿಗಿಂತ ಹೆಚ್ಚು. ಶಾಲೆಯ ಅಂಗಳದಲ್ಲೋ ಊರಿನ ಫಲಕದಲ್ಲೋ ಯುವಿ ಅಂಕಿ ಪ್ರದರ್ಶಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕೊನೆಯ ಕ್ಯಾಲಿಬ್ರೇಷನ್ ಆದ ದಿನಾಂಕವನ್ನೂ ಅದು ಯಾವುದಕ್ಕೆ ಹೋಲಿಸಿ ಆಯಿತೆಂಬುದನ್ನೂ ಅಂಕಿಯ ಕೆಳಗೆ ಬರೆಯಿರಿ.