ಇಜಿಆರ್ ವಾಲ್ವ್: ಮುಚ್ಚಿಸುವುದೋ, ರಿಪೇರಿ ಮಾಡಿಸುವುದೋ?

ನಮ್ಮ ಮನೆಯಲ್ಲಿರುವುದು 2013ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಬಿಎಸ್-4 ಡೀಸೆಲ್ ಹ್ಯಾಚ್‌ಬ್ಯಾಕ್. ಎಂಜಿನ್ ಲೈಟು ಹತ್ತಿದ್ದು ಆರಲೇ ಇಲ್ಲ. ಘಾಟಿಯಲ್ಲಿ ಗಾಡಿ ಎಳೆಯುತ್ತಿರಲಿಲ್ಲ, ಆಕ್ಸಿಲರೇಟರ್ ತುಳಿದರೆ ಹಿಂದೆ ಕಪ್ಪು ಹೊಗೆ. ಸ್ಕ್ಯಾನರ್ ತೋರಿಸಿದ್ದು ಇಜಿಆರ್ ವಾಲ್ವಿನ ದೋಷ. ಗ್ಯಾರೇಜಿನವರು ಮೂರು ದರ ಹೇಳಿದರು: ಬಿಚ್ಚಿ ಮಸಿ ತೆಗೆದು ಜೋಡಿಸಲು 3,500 ರೂಪಾಯಿ, ಹೊಸ ವಾಲ್ವಿಗೆ ಕೂಲಿ ಸೇರಿ 19,000, ತಗಡಿನ ಪ್ಲೇಟ್ ಇಟ್ಟು ಹೊಗೆ ಮರಳುವ ದಾರಿಯನ್ನೇ ಮುಚ್ಚಿ, ಲೈಟು ಹತ್ತದಂತೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ತಿದ್ದಲು 5,000. ಅವರ ಒತ್ತಾಯವೆಲ್ಲ ಮೂರನೆಯದಕ್ಕೆ. ‘ಇನ್ನು ತೊಂದರೇನೇ ಇರಲ್ಲ ಸಾರ್, ಪಿಕಪ್ಪೂ ಬರುತ್ತೆ, ಎಮಿಷನ್ ಟೆಸ್ಟೂ ಪಾಸಾಗುತ್ತೆ.’

ಆ ಕೊನೆಯ ಮಾತು ಸುಳ್ಳಲ್ಲ. ಕಳವಳದ ಸಂಗತಿಯೂ ಅದೇ. ಎಂಜಿನ್ನಿನಿಂದ ಹೊರಟ ಹೊಗೆಯ ಒಂದು ಪಾಲನ್ನು ಇಜಿಆರ್ ಮತ್ತೆ ಒಳಕ್ಕೆ ಕಳಿಸುತ್ತದೆ. ಉರಿಯ ಶಾಖ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ. ಎಮಿಷನ್ ಟೆಸ್ಟ್ ಮಾಡುವ ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಬಿಎಸ್-4ಕ್ಕೆ ಮಿತಿ 50 ಹಾರ್ಟ್‌ರಿಜ್ ಯೂನಿಟ್. ದಾರಿ ಮುಚ್ಚಿದ ಎಂಜಿನ್ ಮಸಿ ಕಡಿಮೆ ಉಗುಳುವುದರಿಂದ ಸರ್ಟಿಫಿಕೇಟು ಸಲೀಸಾಗಿ ಕೈಗೆ ಬರುತ್ತದೆ. ಅಳತೆಗೆ ಸಿಗದ ಅನಿಲ ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನ ಮೇಲೆ ಕೂತ ಮಗುವಿನ ಎದೆಗೆ ಇಳಿಯುತ್ತದೆ. ಆಸ್ತಮಾ ಇದ್ದವರನ್ನು ಅದು ಕೆರಳಿಸುತ್ತದೆ. ಬಿಸಿಲಿಗೆ ಅದೇ ಓಜೋನ್‌ಗೂ ಕಾರಣ. ನಾನು ಉಳಿಸುವ ದುಡ್ಡಿನ ಬಿಲ್ಲನ್ನು ಆ ಮಗು ಕಟ್ಟಬೇಕೆಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡ್ಡಿಯೂ ಇದೆ.

ಉಳಿದದ್ದು ಎರಡು ದಾರಿ. ಮೊದಲು ವೈರಿಂಗ್, ಪೈಪು, ಗಾಳಿಯ ಸೆನ್ಸರ್ ನೋಡಿಸಿದೆ, ಅವು ಸರಿಯಿದ್ದವು. ಕ್ಲೀನಿಂಗ್ ಮಾಡಿಸಿದ ಮೇಲೆ ಕೆಲ ವಾರ ಚೆನ್ನಾಗಿ ಓಡಿತು, ಆಮೇಲೆ ಲೈಟು ಮತ್ತೆ ಹತ್ತಿತು. ವಾಲ್ವಿನ ಮೋಟಾರೇ ಸತ್ತಿತ್ತು. ಹೊಸದನ್ನೇ ಹಾಕಿಸಿದೆ. ಒಟ್ಟು 22,500 ರೂಪಾಯಿ.

ಹಳೆ ಕಾರಿಗೆ ಇಷ್ಟೇಕೆ ಎಂದು ಮನೆಯಲ್ಲೂ ಕೇಳಿದರು. ಕಾರಿನ ಬೆಲೆಗೆ ರಿಪೇರಿಯನ್ನು ತೂಗುವ ಅಭ್ಯಾಸ ನಮಗೆಲ್ಲ ಇದೆ; ನಾನು ತೂಗುವುದು ಇನ್ನೆಷ್ಟು ಕಾಲ ಓಡಿಸುತ್ತೇನೆ ಎಂಬುದಕ್ಕೆ. ಮೂರು ವರ್ಷ ಓಡಿದರೆ ಈ ಖರ್ಚು ತಿಂಗಳಿಗೆ 625 ರೂಪಾಯಿ. ಅದೇ ಒಂಬತ್ತು ಲಕ್ಷದ ಹೊಸ ಕಾರು ಕೊಂಡರೆ ಕರ್ನಾಟಕದ ಜೀವಾವಧಿ ತೆರಿಗೆಯೇ ಶೇ 14ರಂತೆ 1.26 ಲಕ್ಷ, ಸೆಸ್ಸು ಬೇರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಇಲ್ಲಿ ನಿಷೇಧವಿಲ್ಲ. ನನ್ನ ಆರ್‌ಸಿ 2028ರವರೆಗೆ ಇದೆ. ಹದಿನೈದು ವರ್ಷ ತುಂಬಿದಾಗ ನವೀಕರಣಕ್ಕೆ ಈಗಿನ ದರದಲ್ಲಿ 5,000 ರೂಪಾಯಿ, ಜೊತೆಗೆ ಹಸಿರು ತೆರಿಗೆ, ತಪಾಸಣೆ. ಮುಂದಿನ ನಿರ್ಧಾರ ಆಗ.

ಟರ್ಬೊ, ಇಂಜೆಕ್ಟರುಗಳೂ ಕೈಕೊಡುವ ಹಂತಕ್ಕೆ ಬಂದಿದ್ದರೆ, ತಳಕ್ಕೆ ತುಕ್ಕು ಹಿಡಿದಿದ್ದರೆ ನಾನು ಈ ದುಡ್ಡು ಹಾಕುತ್ತಿರಲಿಲ್ಲ. ಅಂಥ ಗಾಡಿಯನ್ನು ತೇಪೆ ಹಾಕಿ ಇನ್ನೊಬ್ಬರಿಗೆ ದಾಟಿಸುವುದೂ ತಪ್ಪು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ದಾಖಲೆ ಪಡೆಯಬೇಕು.

ಸಾರಿಗೆ ಇಲಾಖೆಯವರು ಪಿಯುಸಿ ತಪಾಸಣೆಯಲ್ಲಿ ಇಜಿಆರ್ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದೂ ನೋಡುವ ವ್ಯವಸ್ಥೆ ತರಬೇಕು. ಅಲ್ಲಿಯವರೆಗೆ, ಡೀಸೆಲ್ ಗಾಡಿ ಇಟ್ಟುಕೊಂಡಿರುವ ಓದುಗರಲ್ಲಿ ನನ್ನ ವಿನಂತಿ: ಪ್ಲೇಟ್ ಹಾಕುತ್ತೇವೆ ಎಂದರೆ ಬೇಡ ಎನ್ನಿ, ಕ್ಲೀನಿಂಗಿಗೂ ಹೊಸ ವಾಲ್ವಿಗೂ ಬೇರೆ ಬೇರೆ ದರ ಬರೆಸಿಕೊಳ್ಳಿ.