ಚಂದ್ರನನ್ನು ಕಂಡವರ ಸಾಕ್ಷಿ: 8ನೇ ತರಗತಿಯ ಒಂದು ಪಾಠದ ಅನುಭವ

ಬೋಧನಾಭ್ಯಾಸಕ್ಕೆ ಚಿದ್ರಿಯ ಶಾಲೆಯೊಂದಕ್ಕೆ ಹೋಗಿದ್ದಾಗ 8ನೇ ತರಗತಿಗೆ ‘ಚಂದ್ರನ ಕಲೆಗಳು’ ಪಾಠ ನನ್ನ ಪಾಲಿಗೆ ಬಂತು. 2025ರ ಫೆಬ್ರುವರಿ 28ರಂದು ಅಮಾವಾಸ್ಯೆ. ಮರುದಿನ ಶನಿವಾರ ಸಂಜೆ ಪಶ್ಚಿಮಕ್ಕೆ ನೋಡಿ, ಕಂಡ ಚಂದ್ರನ ಚಿತ್ರ ಬರೆದು ತನ್ನಿ ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟೆ. ಅದೇ ಸಂಜೆ ನಮ್ಮೂರಿನ ಮಾಳಿಗೆಗಳ ಮೇಲೆ ಜನ ರಂಜಾನ್ ಚಂದ್ರನಿಗಾಗಿಯೂ ನೋಡುತ್ತಿದ್ದರು. ಚಾಂದ್ ಕಂಡಿತು, ಮಾರ್ಚ್ 2ರಿಂದ ಉಪವಾಸ ಶುರುವಾಯಿತು.

ಸೋಮವಾರ ನೋಟ್‌ಬುಕ್ಕುಗಳು ಬಂದವು. ಹೆಚ್ಚಿನವರು ಪುಸ್ತಕದಲ್ಲಿರುವಂತೆ ಕುಡುಗೋಲು ನಿಲ್ಲಿಸಿದ ಹಾಗೆ ಬರೆದಿದ್ದರು. ಕೆಲವರು ಎರಡು ಕೊಂಬುಗಳ ನಡುವೆ ಒಂದು ಚುಕ್ಕಿಯನ್ನೂ ಇಟ್ಟಿದ್ದರು. ಒಬ್ಬ ಹುಡುಗಿ ಮಾತ್ರ ಚಂದ್ರನನ್ನು ದೋಣಿಯಂತೆ ಮಲಗಿಸಿ, ಅದರ ಬಲಕ್ಕೆ ಮೇಲುಗಡೆ ದೊಡ್ಡದೊಂದು ಚುಕ್ಕಿ ಬರೆದಿದ್ದಳು. ‘ಚಿತ್ರ ಸರಿಯಿಲ್ಲ, ಪುಸ್ತಕ ನೋಡಿ ಬರೆ’ ಎಂದು ಕೆಂಪು ಪೆನ್ನಿನಲ್ಲಿ ಬರೆದೆ. ಅವಳು ಮೆಲ್ಲಗೆ, “ಹಂಗೇ ಇತ್ತ್ರೀ ಮೇಡಂ. ನಮ್ಮ ಆಯಿನೂ ನೋಡ್ಯಾಳ್ರಿ” ಅಂದಳು. ನಾನು ಮುಂದಿನ ನೋಟ್‌ಬುಕ್ಕಿಗೆ ಹೋದೆ.

ಆ ಸಂಜೆ ನಾನೇ ಮಾಳಿಗೆ ಹತ್ತಿ ನೋಡಿದೆ. ಚಂದ್ರ ದೋಣಿಯಂತೆಯೇ ಮಲಗಿದ್ದ.

ಕಾರಣ ಕಠಿಣವಲ್ಲ. ಚಂದ್ರನ ಬೆಳಗಿದ ಬದಿ ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ಬೀದರ್ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫೆಬ್ರುವರಿ ಕೊನೆ, ಮಾರ್ಚ್ ತಿಂಗಳ ಸಂಜೆಗಳಲ್ಲಿ ಸೂರ್ಯ ಚಂದ್ರರು ಸಾಗುವ ದಾರಿ ಇಲ್ಲಿ ಪಶ್ಚಿಮ ದಿಗಂತದಿಂದ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೇಳುತ್ತದೆ. ಮುಳುಗಿದ ಸೂರ್ಯ ಚಂದ್ರನ ನೇರ ಕೆಳಗಿರುತ್ತಾನೆ, ಆದ್ದರಿಂದ ಬೆಳಕು ತಳಭಾಗಕ್ಕೆ ಬಿದ್ದು ಕೊಂಬುಗಳು ಮೇಲಾಗುತ್ತವೆ. ಸೆಪ್ಟೆಂಬರಿನಲ್ಲಿ ಅದೇ ದಾರಿ ದಕ್ಷಿಣಕ್ಕೆ ವಾಲುವುದರಿಂದ ಚಂದ್ರನೂ ವಾಲುತ್ತಾನೆ. ಹುಡುಗಿ ಬರೆದ ಚುಕ್ಕಿ ಶುಕ್ರ. ಕೊಂಬುಗಳ ನಡುವೆ ಚುಕ್ಕಿ ಕಾಣುವುದು ಸಾಧ್ಯವೇ ಇಲ್ಲ. ಅಲ್ಲಿ ಬೆಳಗದ ಚಂದ್ರನೇ ಅಡ್ಡ ಇರುತ್ತಾನೆ. ಅಂದರೆ ನಾನು ಸರಿ ಎಂದು ಗುರುತು ಹಾಕಿದ್ದು ನೋಡದೆ ಬರೆದವರಿಗೆ, ತಪ್ಪು ಎಂದದ್ದು ನೋಡಿ ಬರೆದವಳಿಗೆ.

ನೋಡಿದವರನ್ನು ಮತ್ತು ನೋಡದವರನ್ನು ಬೇರೆ ಮಾಡುವ ಪ್ರಶ್ನೆಗಳು ಯಾವುವು? ಇದನ್ನು ಹುಡುಕುವಾಗ ಯೆಹೂದಿಗಳ ಹಳೆಯ ನ್ಯಾಯಾಲಯದ ಪದ್ಧತಿ ಸಿಕ್ಕಿತು. ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡ ಮಿಷ್ನಾ ಎಂಬ ಧರ್ಮನಿಯಮಗಳ ಗ್ರಂಥದಲ್ಲಿ ಇದರ ವಿವರವಿದೆ. ಅವರ ತಿಂಗಳು 29 ಅಥವಾ 30 ದಿನದ್ದು. 29 ದಿನ ಮುಗಿದ ಸಂಜೆ ಎಳೆ ಚಂದ್ರನನ್ನು ಕಂಡ ಇಬ್ಬರು ಬಂದು ಸಾಕ್ಷಿ ನುಡಿದು, ನ್ಯಾಯಾಲಯ ಒಪ್ಪಿದರೆ 30ನೇ ದಿನವೇ ಹೊಸ ತಿಂಗಳ ಮೊದಲ ದಿನ. ಸಾಕ್ಷಿ ಬರದಿದ್ದರೆ ಅದರ ಮರುದಿನ. ಹಬ್ಬಗಳೆಲ್ಲ ಈ ತೀರ್ಪಿನಿಂದಲೇ ಎಣಿಕೆ. ಜೂಜಾಡುವವರು, ಬಡ್ಡಿ ವ್ಯವಹಾರದವರು ಸಾಕ್ಷಿಗೆ ಅನರ್ಹರು.

ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳುತ್ತಿದ್ದರು: ಚಂದ್ರ ಸೂರ್ಯನ ಮುಂದಿದ್ದನೋ ಹಿಂದಿದ್ದನೋ? ಉತ್ತರಕ್ಕೋ ದಕ್ಷಿಣಕ್ಕೋ? ಎಷ್ಟು ಎತ್ತರ? ಯಾವ ಕಡೆ ವಾಲಿದ್ದ? ಎಷ್ಟು ಅಗಲ? ಇಬ್ಬರ ಮಾತು ಹೊಂದಿದರೆ ಸಾಕ್ಷಿ ನಿಂತಿತು. ಓದುಬರಹ ಬಾರದವರಿಗೂ ಅನುಕೂಲವಾಗುವಂತೆ ರಬ್ಬಾನ್ ಗಮಾಲಿಯೇಲ್ ಎಂಬ ಮುಖ್ಯಸ್ಥ ತನ್ನ ಮೇಲ್ಮಾಳಿಗೆಯ ಗೋಡೆಯ ಮೇಲೆ ಚಂದ್ರನ ಬೇರೆ ಬೇರೆ ಆಕಾರಗಳ ಚಿತ್ರ ಇಟ್ಟುಕೊಂಡು, ‘ಹೀಗೆ ಕಂಡಿತೋ, ಹಾಗೆ ಕಂಡಿತೋ?’ ಎಂದು ಕೇಳುತ್ತಿದ್ದನಂತೆ. ಬೋಧನೋಪಕರಣ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದು ಇದನ್ನೇ ಅಲ್ಲವೆ!

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಮೊದಲ ಜೋಡಿಯ ಸಾಕ್ಷಿಯೇ ಸಾಕಾದಾಗಲೂ ಉಳಿದ ಜೋಡಿಗಳನ್ನು ಹಾಗೆಯೇ ಕಳಿಸುತ್ತಿರಲಿಲ್ಲ. ಮುಖ್ಯ ಮಾತುಗಳನ್ನಾದರೂ ಕೇಳುತ್ತಿದ್ದರು. ಅವರ ಮಾತು ಬೇಕಾಗಿತ್ತೆಂದಲ್ಲ, ಬೇಸರದಿಂದ ಹಿಂದಿರುಗಬಾರದು, ಮುಂದೆಯೂ ಬರುವ ರೂಢಿ ಉಳಿಯಬೇಕು ಎಂದು. ಜೆರುಸಲೇಮಿನಲ್ಲಿ ಇದೇ ಉದ್ದೇಶಕ್ಕೆ ಸಾಕ್ಷಿಗಳಿಗೆ ದೊಡ್ಡ ಊಟವನ್ನೂ ಹಾಕುತ್ತಿದ್ದರು. ಮೊದಲು ಕೈಯೆತ್ತಿದವನ ಉತ್ತರ ಸರಿಯಾದ ಕೂಡಲೇ ‘ವೆರಿ ಗುಡ್’ ಎಂದು ಮುಂದಕ್ಕೆ ಸಾಗುವ ನನ್ನಂಥ ಪ್ರಶಿಕ್ಷಣಾರ್ಥಿಗೆ ಇದು ಚುಚ್ಚಿತು.

ಮರುದಿನ ತರಗತಿಯಲ್ಲಿ ಮೊದಲು ಆ ಕೆಂಪು ಬರಹವನ್ನು ಹೊಡೆದು ಹಾಕಿ, ತಪ್ಪು ನನ್ನದೆಂದು ಎಲ್ಲರ ಮುಂದೆ ಹೇಳಿದೆ. ಬಳಿಕ ಮೂವರನ್ನು ನ್ಯಾಯಾಧೀಶರನ್ನಾಗಿ ಕೂರಿಸಿ, ಶನಿವಾರ ಚಂದ್ರನನ್ನು ಕಂಡವರನ್ನು ಒಬ್ಬೊಬ್ಬರನ್ನಾಗಿ ಬಾಗಿಲ ಹೊರಗಿನಿಂದ ಕರೆಸಿದೆ. ಎತ್ತರ ಅಳೆಯಲು ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ ಎಂಬ ಲೆಕ್ಕ. ‘ಚುಕ್ಕಿ ಯಾವ ಬದಿಗಿತ್ತು?’ ಎಂಬ ಪ್ರಶ್ನೆಯನ್ನು ಮಕ್ಕಳೇ ಸೇರಿಸಿದರು, ಅದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪುಸ್ತಕದ ಚಂದ್ರನನ್ನು ಬರೆದಿದ್ದ ಹುಡುಗನೊಬ್ಬ ತಾನಾಗಿಯೇ, “ನಾ ನೋಡಿಲ್ರೀ ಮೇಡಂ, ಕ್ರಿಕೆಟ್ ಆಡಾಕ ಹೋಗಿದ್ದೆ” ಎಂದ. ಆ ಉತ್ತರವನ್ನೂ ದಾಖಲೆಯ ಹಾಳೆಯಲ್ಲಿ ಬರೆದುಕೊಂಡೆವು.

ನ್ಯಾಯಾಧೀಶರಲ್ಲಿ ಒಬ್ಬಳು ಕೇಳಿದಳು: ಲೆಕ್ಕ ಹಾಕಿದರೆ ಚಂದ್ರ ಎಲ್ಲಿರುತ್ತಾನೆ ಎಂದು ಗೊತ್ತಾಗುತ್ತದೆಯಲ್ಲ, ಸಾಕ್ಷಿ ಯಾಕೆ? ಒಳ್ಳೆಯ ಪ್ರಶ್ನೆ. ಗಮಾಲಿಯೇಲನ ಹೆಸರಿನಲ್ಲಿ ತಾಲ್ಮೂದ್ ಉಳಿಸಿಕೊಂಡಿರುವ ತಿಂಗಳ ಅಳತೆ 29 ದಿನ, 12 ಗಂಟೆ, 44 ನಿಮಿಷ, 3 ಸೆಕೆಂಡು. ಇಂದಿನ ಸರಾಸರಿಗೂ ಅದಕ್ಕೂ ಒಂದು ಸೆಕೆಂಡಿನ ಅಂತರವೂ ಇಲ್ಲ. ಲೆಕ್ಕ ಸುಳ್ಳುಸಾಕ್ಷಿಯನ್ನು ಹಿಡಿಯಲು ಬೇಕು. ಆದರೆ ಚಂದ್ರ ಆಕಾಶದಲ್ಲಿ ಇದ್ದಾನೆ ಎಂಬುದು ಒಂದು ಮಾತು, ಯಾರಾದರೂ ಕಂಡರು ಎಂಬುದು ಇನ್ನೊಂದು.

ಇದನ್ನು ತಿಳಿಸಲು ನಮ್ಮ ರಾಜ್ಯದ್ದೇ ಉದಾಹರಣೆ ಕೊಟ್ಟೆ. 2024ರ ಏಪ್ರಿಲ್ 8ರಂದು, ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾದಾಗ, ನಮ್ಮ ಸಮಯ ರಾತ್ರಿ 11.51ಕ್ಕೆ ಅಮಾವಾಸ್ಯೆಯ ಕ್ಷಣ. 9ರಂದು ಯುಗಾದಿ. ರಂಜಾನಿನ 29ನೇ ದಿನವೂ ಅದೇ. ಅಂದು ಸೂರ್ಯ ಮುಳುಗುವಾಗ ಚಂದ್ರನಿಗೆ 19 ಗಂಟೆಯೂ ತುಂಬಿರಲಿಲ್ಲ. ದಿನಕ್ಕೆ ಸುಮಾರು 12 ಡಿಗ್ರಿಯಂತೆ ಅವನು ಸೂರ್ಯನಿಂದ ದೂರ ಸರಿಯುತ್ತಾನೆ ಎಂದಿಟ್ಟುಕೊಂಡು ಮಕ್ಕಳೇ ಲೆಕ್ಕ ಹಾಕಿದರು: ಒಂಬತ್ತೂವರೆ ಡಿಗ್ರಿಯ ಆಸುಪಾಸು. ಕಂಡರೆ ಕಂಡ, ಇಲ್ಲದಿದ್ದರೆ ಇಲ್ಲ. ಕೇರಳದಲ್ಲಿ ಚಂದ್ರದರ್ಶನವಾಯಿತೆಂದು ಸಾರಿದರು, ಅದನ್ನು ಅನುಸರಿಸಿ ದಕ್ಷಿಣ ಕನ್ನಡ, ಉಡುಪಿಗಳಲ್ಲಿ 10ರಂದು ಈದ್ ಆಯಿತು. ನಮ್ಮ ಕಡೆ 30 ಉಪವಾಸ ತುಂಬಿಸಿ 11ರಂದು. ಯುಗಾದಿಗೆ ಮಾತ್ರ ಈ ತಕರಾರಿಲ್ಲ. ಅದನ್ನು ಪಂಚಾಂಗದ ತಿಥಿ ಮೊದಲೇ ಗೊತ್ತುಮಾಡಿರುತ್ತದೆ. ಆದರೂ ಹಬ್ಬದ ಚಂದ್ರನನ್ನು ನೋಡಲು ಅಂಗಳಕ್ಕೆ ಬರುವುದನ್ನು ನಮ್ಮ ಹಿರಿಯರು ಬಿಟ್ಟಿಲ್ಲ. ಯೆಹೂದಿಗಳೂ ಕೊನೆಗೆ ಲೆಕ್ಕದ ಪಂಚಾಂಗಕ್ಕೇ ಬಂದರು. ಅದನ್ನು ಕ್ರಿ.ಶ. 359ರಲ್ಲಿ ಎರಡನೆಯ ಹಿಲೇಲ್ ನಿಗದಿ ಮಾಡಿದನೆಂದು ಅವರ ಸಂಪ್ರದಾಯ ಹೇಳುತ್ತದೆ.

ಒಂದು ಅವಧಿಗೆ ಯೋಜಿಸಿದ ಪಾಠ ಎರಡು ಅವಧಿ ತೆಗೆದುಕೊಂಡಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ ‘ಸಮಯ ಪಾಲನೆ: ಸುಧಾರಿಸಬೇಕು’ ಎಂದು ಬರೆದರು. ಬರೆದದ್ದು ಸರಿಯೇ. ಇದನ್ನು ಮಾಡಬಯಸುವ ಮುಂದಿನ ತಂಡದವರು ಎರಡು ಅವಧಿ ಇಟ್ಟುಕೊಳ್ಳಿ. ಅಮಾವಾಸ್ಯೆಯ ಮರುದಿನ ಚಂದ್ರ ಕಾಣದಿದ್ದರೆ ಅದರ ಮರುಸಂಜೆಯನ್ನೂ ಕೊಡಿ. ಸಾಧ್ಯವಾದರೆ ಜನವರಿಯಿಂದ ಮಾರ್ಚ್‌ವರೆಗಿನ ಅಮಾವಾಸ್ಯೆಗಳನ್ನೇ ಆರಿಸಿಕೊಳ್ಳಿ, ಮಳೆಗಾಲದಲ್ಲಿ ಮೋಡದಿಂದಾಗಿ ಸಾಕ್ಷಿಗಳೇ ಸಿಗುವುದಿಲ್ಲ. ಮತ್ತು ಮನೆಗೆಲಸ ಕೊಟ್ಟ ಸಂಜೆ ನೀವೂ ಮಾಳಿಗೆ ಹತ್ತಿ.